ಅಡುಗೆಮನೆಗೆ ಕೇಳುವ ಬೇಸ್ ಸೋಫಾಕ್ಕೆ ಯಾಕೆ ಕೇಳುವುದಿಲ್ಲ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಹಳೆಯ ಹೆಂಚಿನ ಮನೆ ಬಿಟ್ಟು ಹೋದ ವರ್ಷ ಪಕ್ಕದಲ್ಲೇ ಕಟ್ಟಿದ ಆರ್‌ಸಿಸಿ ಮನೆಗೆ ಬಂದೆವು. 1998ರಲ್ಲಿ ಕೊಂಡ, ನೆಲದ ಮೇಲೆ ನಿಲ್ಲಿಸುವ ದೊಡ್ಡ ಸ್ಪೀಕರ್ ಜೋಡಿ ಹಳೆಯ ಮನೆಯಲ್ಲಿ ಎದೆಗೆ ತಾಗುವಂತೆ ನುಡಿಯುತ್ತಿತ್ತು. ಹೊಸ ಮನೆಗೆಂದು ಹೊಸ ರಿಸೀವರ್ (ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ), ಜೊತೆಗೆ ತೀರ ಕೆಳಗಿನ ಸ್ವರಗಳಿಗೆಂದೇ ಇರುವ 10 ಇಂಚಿನ ಸಬ್‌ವೂಫರ್ ತಂದೆ. ಈಗ ಇದ್ದ ಬೇಸೂ ಹೋಯಿತು. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಸೋಫಾ ಸರಿಯಾಗಿ ನಡುವೆ ಇದೆ, ಸಬ್ ಟಿವಿಯ ಕೆಳಗೆ. ಸಬ್‌ನ ವಾಲ್ಯೂಮ್ ಪೂರ್ತಿ ಇಟ್ಟಿದ್ದೇನೆ. ಮುಟ್ಟಿದರೆ ಡಬ್ಬ ನಡುಗುತ್ತದೆ, ಸೋಫಾದಲ್ಲಿ ಕೂತರೆ ಟೊಳ್ಳು. ನನ್ನ ಹೆಂಡತಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು "ಗುಂಯ್ ಅಂತಿದೆ, ಕಮ್ಮಿ ಮಾಡಿ" ಅನ್ನುತ್ತಾಳೆ. ಇನ್ನೊಂದು ವಿಚಿತ್ರ: ಕೆಲವು ಹಾಡುಗಳಲ್ಲಿ ಸಬ್ ಆಫ್ ಮಾಡಿದರೆ ಬೇಸ್ ಸ್ವಲ್ಪ ಹೆಚ್ಚಾದ ಹಾಗೆ ಅನಿಸುತ್ತದೆ. ಅಂಗಡಿಯವರು 12 ಇಂಚಿನದು ಹಾಕಿ, ದಪ್ಪ ವೈರ್ ಎಳೆಸಿ ಅಂದರು. ಭಾವ, "ನಮ್ಮದು ಎತ್ತರದ ಊರು, ಮಳೆಗಾಲದ ಥಂಡಿ ಗಾಳಿ ಬೇಸನ್ನು ಕುಡಿದುಬಿಡುತ್ತದೆ" ಅಂದರು. ಹಣ ಹಾಕುವ ಮೊದಲು ನಿಮ್ಮನ್ನು ಕೇಳೋಣ ಅಂತ.

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನಿಮ್ಮ ಮನೆಯವರೇ ಕೊಟ್ಟಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಗುಂಯ್ ಅನ್ನುತ್ತಿದೆ ಎಂದ ಮೇಲೆ ಸಬ್ ದುಡಿಯುತ್ತಿದೆ, ರಿಸೀವರ್ ಅದಕ್ಕೆ ಸಿಗ್ನಲ್ ಕೊಡುತ್ತಿದೆ, ಕೋಣೆಯಲ್ಲಿ ಬೇಸ್ ಬೇಕಾದಷ್ಟಿದೆ. ನೀವು ಕೂತ ಜಾಗದಲ್ಲಿ ಮಾತ್ರ ಅದು ಅಳಿಸಿಹೋಗುತ್ತಿದೆ. ಹಾಗಾಗಿ 12 ಇಂಚಿನ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಮಡಿಕೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. "ಸಬ್ ಕೆಟ್ಟಿದೆ" ಎಂದು ಜೀಪಿನ ಹಿಂದೆ ಹಾಕಿಕೊಂಡು ತಂದ ಎಷ್ಟೋ ಸಬ್‌ಗಳು ನನ್ನ ಬೆಂಚಿನ ಮೇಲೆ ಏನೂ ಆಗಿಲ್ಲವೆಂಬಂತೆ ನುಡಿದಿವೆ. ಹಾಗೇ ವಾಪಸು ಕಳಿಸಿದರೆ ಮನೆಯಲ್ಲಿ ಮತ್ತೆ ಅದೇ ಕಥೆ.

ಮೊದಲು ಭಾವನವರ ಮಾತು. ಎತ್ತರದ ವಿಷಯದಲ್ಲಿ ಅವರದು ಪೂರ್ತಿ ಸುಳ್ಳಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,150 ಮೀಟರ್ ಮೇಲಿದೆ, ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಶೇಕಡ 10ಕ್ಕೂ ಸ್ವಲ್ಪ ಹೆಚ್ಚು ತೆಳು. ಇದರಿಂದ ಕಳೆದುಹೋಗುವ ಸದ್ದು ಒಂದು ಡೆಸಿಬೆಲ್ (ಸದ್ದಿನ ಅಳತೆ) ಆಸುಪಾಸು. ವಾಲ್ಯೂಮ್ ಒಂದು ಗೆರೆ ಏರಿಸಿದರೆ ಅಲ್ಲಿಗೆ ಸರಿಹೋಯಿತು. ಥಂಡಿಯ ಮಾತಂತೂ ನಿಲ್ಲುವುದೇ ಇಲ್ಲ. ಗಾಳಿಯ ತೇವಾಂಶ ಏರುಪೇರು ಮಾಡುವುದು ತೀರ ಮೇಲಿನ ಸ್ವರಗಳನ್ನು, ಅದೂ ದೂರಕ್ಕೆ ಸಾಗುವಾಗ. ಒಂದು ಹಾಲಿನೊಳಗಿನ ಬೇಸನ್ನು ಅದು ಮುಟ್ಟುವುದಿಲ್ಲ. ಥಂಡಿ ತಿನ್ನುವುದು ಸಾಮಾನನ್ನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವೈರಿನ ಲೆಕ್ಕ ನೀವೇ ನೋಡಿ. ಸ್ಪೀಕರ್ 10 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಾಮ್ರ 20 ಮೀಟರ್. 1.5 ಚದರ ಮಿಲಿಮೀಟರಿನ ಸಾಮಾನ್ಯ ವೈರಿನಲ್ಲಿ ಅಷ್ಟು ಉದ್ದಕ್ಕೆ ಸುಮಾರು ಕಾಲು ಓಮ್ ತಡೆ ಬರುತ್ತದೆ. 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ. ಟೇಬಲ್ ಲ್ಯಾಂಪಿಗೆ ಹಾಕುವ 0.5 ಚದರ ಮಿಲಿಮೀಟರಿನ ತೆಳು ವೈರ್ ಹಾಕಿದ್ದರೂ ಹೋಗುವುದು ಒಂದು ಡೆಸಿಬೆಲಿನೊಳಗೆ. ನಿಮ್ಮ ಕಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

ಇನ್ನು 12 ಇಂಚು. ಕೋನ್ (ಸ್ಪೀಕರಿನಲ್ಲಿ ಅದುರುವ ತಟ್ಟೆ) 10ರಿಂದ 12 ಇಂಚಿಗೆ ಹೋದರೆ ಅದು ತಳ್ಳುವ ಗಾಳಿ ಸುಮಾರು ಒಂದೂವರೆ ಪಟ್ಟು, ಸಿಗುವ ಲಾಭ ಅಂದಾಜು 3 ಡೆಸಿಬೆಲ್. ನೀವು ಕೂತ ಹೊಂಡದ ಆಳ 15ರಿಂದ 20 ಡೆಸಿಬೆಲ್ ಇರಬಹುದು. ಅಡುಗೆಮನೆಗೆ ಇನ್ನೂ 3 ಡೆಸಿಬೆಲ್ ಹೆಚ್ಚು ಕೇಳುತ್ತದೆ, ಜಗಳ ಅಷ್ಟೇ ಹೆಚ್ಚು.

ಹೊಂಡ ಅಂದೆ, ಏನದು? ಕಾಫಿ ಹಣ್ಣು ಪಲ್ಪ್ ಮಾಡಿದ ಮೇಲೆ ಬೀಜ ತೊಳೆಯುವ ಸಿಮೆಂಟ್ ತೊಟ್ಟಿ ನಿಮ್ಮ ತೋಟದಲ್ಲೂ ಇರಬೇಕು. ಅದಕ್ಕೆ ಅರ್ಧ ನೀರು ತುಂಬಿಸಿ, ಒಂದು ತುದಿಯಲ್ಲಿ ಹಲಗೆ ಹಿಡಿದು ತಾಳಕ್ಕೆ ಸರಿಯಾಗಿ ಹಿಂದೆ ಮುಂದೆ ಅಲ್ಲಾಡಿಸಿ. ಸ್ವಲ್ಪ ಹೊತ್ತಿಗೆ ನೀರಿಗೂ ತಾಳ ಸಿಕ್ಕಿ, ಈ ತುದಿಯಲ್ಲಿ ಏರಿದಾಗ ಆ ತುದಿಯಲ್ಲಿ ಇಳಿಯುತ್ತದೆ, ಅಲ್ಲಿ ಏರಿದಾಗ ಇಲ್ಲಿ ಇಳಿಯುತ್ತದೆ. ಈಗ ತೊಟ್ಟಿಯ ನಡುಮಧ್ಯ ನೋಡಿ. ನೀರಿನ ಮಟ್ಟ ಅಲ್ಲಿ ಇದ್ದಲ್ಲೇ ಇರುತ್ತದೆ. ಇನ್ನೂ ಜೋರಾಗಿ ಅಲ್ಲಾಡಿಸಿದರೆ ನೀರು ತುದಿಯಲ್ಲಿ ಚೆಲ್ಲೀತು, ನಡುವಿನ ಮಟ್ಟ ಏಳುವುದಿಲ್ಲ. ನಿಮ್ಮ ಹಾಲ್ ಆ ತೊಟ್ಟಿ. ಹಲಗೆ ನಿಮ್ಮ ಸಬ್. ನೀವು ಸೋಫಾ ಇಟ್ಟಿರುವುದು ನೀರು ಏಳದ ನಡುಮಧ್ಯಕ್ಕೆ, ಅಡುಗೆಮನೆ ಬಾಗಿಲು ಇರುವುದು ನೀರು ಚೆಲ್ಲುವ ಮೂಲೆಯಲ್ಲಿ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40 ಹರ್ಟ್ಜ್‌ನ (ಸೆಕೆಂಡಿಗೆ 40 ಸಲ ಅದುರುವ ಸ್ವರದ) ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಎಂದರೆ ನಿಮ್ಮ ಹಾಲಿಗಿಂತ ಉದ್ದ. ಯಾವ ಅಲೆಯ ಅರ್ಧ ಉದ್ದ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರುತ್ತದೋ ಆ ಸ್ವರಕ್ಕೆ ಕೋಣೆ ತೊಟ್ಟಿಯ ಹಾಗೆ ತೂಗುತ್ತದೆ. ನಿಮ್ಮ 16 ಅಡಿಗೆ ಅದು 35 ಹರ್ಟ್ಜ್, 12 ಅಡಿಗೆ 47, 10 ಅಡಿ ಎತ್ತರಕ್ಕೆ 56. ಉದ್ದದ ನಡುವೆಯೂ ಅಗಲದ ನಡುವೆಯೂ ಕೂತಿರುವ ನಿಮಗೆ 35, 47 ಎರಡರ ಆಸುಪಾಸೂ ಕೈತಪ್ಪುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಜ್. ಎದೆಗೆ ತಾಗುತ್ತದೆ ಎಂದು ನೀವು ಹೇಳಿದಿರಲ್ಲ, ಅದು ಇರುವುದೇ ಈ ಅಂಕಿಗಳ ನಡುವೆ.

ಹಾಗಾದರೆ ಹಳೆಯ ಮನೆಯಲ್ಲಿ ಹೇಗೆ ಕೇಳುತ್ತಿತ್ತು? ಅಲ್ಲಿ ಸೋಫಾ ಗೋಡೆಗೆ ಒರಗಿತ್ತು, ಸ್ಪೀಕರ್‌ಗಳು ಎರಡು ಮೂಲೆಯಲ್ಲಿದ್ದವು ಎಂದು ಊಹಿಸುತ್ತೇನೆ. ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ ಸಾಮಾನು ಇಡುವುದೇ ಹಾಗೆ, ನಡುವೆ ಓಡಾಡಲು ಜಾಗ ಬೇಕಲ್ಲ. ಎಂದರೆ ಸ್ಪೀಕರೂ ನೀವೂ ನೀರು ಏರುವ ತುದಿಗಳಲ್ಲೇ ಇದ್ದಿರಿ. ಜೊತೆಗೆ ಮಣ್ಣಿನ ಗೋಡೆ, ಮರದ ಅಟ್ಟ, ಹೆಂಚಿನ ಸಂದು ಎಲ್ಲವೂ ಬೇಸನ್ನು ಅಷ್ಟಿಷ್ಟು ನುಂಗಿ ಅಷ್ಟಿಷ್ಟು ಹೊರಗೆ ಬಿಡುತ್ತವೆ. ಸದ್ದು ಸ್ವಲ್ಪ ಸೋರಿದರೂ ಉಬ್ಬು ತಗ್ಗು ಕಡಿಮೆ. ಆರ್‌ಸಿಸಿ ಗೋಡೆ ಮತ್ತು ಟೈಲ್ಸ್ ನೆಲ ಏನನ್ನೂ ಬಿಟ್ಟುಕೊಡುವುದಿಲ್ಲ. ಉಬ್ಬು ಬೆಟ್ಟವಾಗುತ್ತದೆ, ತಗ್ಗು ಹೊಂಡವಾಗುತ್ತದೆ. ಹೊಸ ಮನೆಯ ಹಾಲಿನಲ್ಲಿ ಸೋಫಾವನ್ನು ಸಿನಿಮಾದ ಹಾಗೆ ನಡುವೆ ಇಡುವ ಆಸೆ ಎಲ್ಲರದೂ. ನನ್ನ ಮನೆಯಲ್ಲೂ ಹಾಗೇ ಇಟ್ಟಿದ್ದೆ, ಆರು ತಿಂಗಳು ಆಂಪ್ಲಿಫೈಯರನ್ನು ಬೈದೆ.

ಸಬ್ ಆಫ್ ಮಾಡಿದರೆ ಬೇಸ್ ಹೆಚ್ಚುತ್ತದೆ ಎಂದಿರಲ್ಲ, ಅದು ಇನ್ನೊಂದು ದೋಷದ ಸುಳಿವು. ಸ್ಪೀಕರಿನ ವೂಫರ್ (ಬೇಸ್ ನುಡಿಸುವ ದೊಡ್ಡ ಕೋನ್) ಮುಂದಕ್ಕೆ ತಳ್ಳುವ ಹೊತ್ತಿಗೆ ಸಬ್ ಹಿಂದಕ್ಕೆ ಎಳೆಯುತ್ತಿದೆ, ಎರಡೂ ಸೇರಿ ಸೊನ್ನೆಯಾಗುತ್ತಿದೆ. ಸಬ್ ಹಿಂದೆ ಫೇಸ್ ಎಂಬ ಸ್ವಿಚ್ ಇರುತ್ತದೆ, 0 ಮತ್ತು 180 ಎಂದು ಬರೆದಿರುತ್ತದೆ. ಬೇಸ್ ಚೆನ್ನಾಗಿರುವ ಒಂದು ಹಾಡನ್ನು ಹಾಕಿ ನೀವು ಸೋಫಾದಲ್ಲಿ ಕೂತುಕೊಳ್ಳಿ, ಮನೆಯವರೊಬ್ಬರು ಸ್ವಿಚ್ ಅತ್ತಿತ್ತ ಹಾಕಲಿ. ಯಾವ ಕಡೆ ತುಂಬಿದಂತೆ ಕೇಳುತ್ತದೋ ಅಲ್ಲಿಗೆ ಬಿಡಿ. ತಪ್ಪು ಸರಿ ಎಂದಿಲ್ಲ, ಕೋಣೆ ಹೇಳಿದ ಹಾಗೆ.

ಅದಕ್ಕೂ ಮೊದಲು ಎರಡು ಸ್ಪೀಕರ್‌ಗಳು ತಮ್ಮತಮ್ಮಲ್ಲೇ ಸರಿಯಾಗಿವೆಯೇ ನೋಡಿಕೊಳ್ಳಬೇಕು. ಹೊಸ ಮನೆಗೆ ಗೋಡೆಯೊಳಗೆ ಪೈಪಿನಲ್ಲಿ ವೈರ್ ಎಳೆಸಿದ್ದರೆ ನನಗೆ ಅನುಮಾನ ಜಾಸ್ತಿ. ಲೈಟಿನ ವೈರಿಂಗ್ ಮಾಡುವವರಿಗೆ ಎರಡೂ ತುದಿ ಒಂದೇ. ಒಂದು ಸ್ಪೀಕರಿನ ಕೆಂಪು ಕಪ್ಪು ಅದಲುಬದಲಾದರೂ ಸದ್ದು ಬರುತ್ತದೆ, ಬೇಸ್ ಮಾತ್ರ ಮಾಯ. ವಾರ್ತೆ ಓದುವ ದನಿಯೊಂದನ್ನು ಸ್ಟೀರಿಯೊದಲ್ಲಿ ಹಾಕಿ ಎರಡೂ ಸ್ಪೀಕರ್‌ಗಳ ನಡುವಿನ ಗೆರೆಯಲ್ಲಿ ಕೂತು ಕೇಳಿ. ದನಿ ನಟ್ಟನಡುವಿಂದ ಬಂದರೆ ಸರಿ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ತಲೆಯ ಸುತ್ತ ಹರಡಿದಂತಿದ್ದರೆ ಒಂದು ಕಡೆಯ ವೈರ್ ತಿರುಗಿದೆ. ಖಚಿತ ಬೇಕಾದರೆ ರಿಸೀವರ್ ಆಫ್ ಮಾಡಿ, ಅದರ ಹಿಂದಿನಿಂದ ಸ್ಪೀಕರ್ ವೈರ್ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ಎರಡು ಸ್ಪೀಕರಿನ ಕೋನೂ ಒಂದೇ ದಿಕ್ಕಿಗೆ ಹಾರಬೇಕು. ಕರೆಂಟಿಗೆ ಹಾಕುವ ನಿಮ್ಮ ಸಬ್‌ಗೆ ಈ ಪರೀಕ್ಷೆ ಮಾಡಬೇಡಿ, ಅದರೊಳಗೆ ಆಂಪ್ಲಿಫೈಯರ್ ಇದೆ.

ಬಟ್ಟೆಯ ಮುಚ್ಚಳ ತೆಗೆದಾಗಲೇ ಇನ್ನೊಂದನ್ನೂ ನೋಡಿ. 1998ರ ಸ್ಪೀಕರ್ ಅಂದಿರಿ. ವೂಫರ್ ಕೋನಿನ ಸುತ್ತ ಇರುವ ರಿಂಗ್ ರಬ್ಬರಿನದಾದರೆ ಚಿಂತೆಯಿಲ್ಲ. ಫೋಮಿನದಾದರೆ ಹತ್ತರಿಂದ ಇಪ್ಪತ್ತು ವರ್ಷಕ್ಕೆ ತಾನಾಗಿಯೇ ಪುಡಿಯಾಗುತ್ತದೆ, ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ. ಬೆರಳಿಗೆ ಕಪ್ಪು ಅಂಟು ಹತ್ತಿದರೆ, ಅಂಚಿನಲ್ಲಿ ಬೆಳಕು ಕಂಡರೆ, ಅದರ ಕಥೆ ಮುಗಿದಿದೆ. ಹಳೆಯ ಮನೆಯಲ್ಲಿ ಕೊನೆಕೊನೆಗೆ ಹರಿದಿದ್ದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಸ್ಪೀಕರ್ ಬಿಸಾಡಬೇಡಿ, ರಿಂಗ್ ಮಾತ್ರ ಬದಲಿಸಬಹುದು. ಕೋನಿನ ನಡು ತಪ್ಪದಂತೆ ಅಂಟಿಸುವ ಕೈ ಬೇಕು, ಇಲ್ಲದಿದ್ದರೆ ಕೋನಿನ ಹಿಂದಿರುವ ತಂತಿಯ ಕಾಯಿಲ್ ಉಜ್ಜಿ ಕರಕರ ಅನ್ನುತ್ತದೆ. ಪೆಟ್ಟಿಗೆಯಲ್ಲಿ ಗಾಳಿಯ ತೂತು ಇದ್ದರೆ ಒಳಗೆ ಟಾರ್ಚ್ ಬಿಡಿ. ನಾನು ಅಲ್ಲಿಂದ ಕುಂಬಾರ ಹುಳದ ಮಣ್ಣಿನ ಗೂಡು ತೆಗೆದಿದ್ದೇನೆ, ಇಲಿ ಹೆತ್ತ ಹಾಸಿಗೆ ತೆಗೆದಿದ್ದೇನೆ. ಸಿದ್ದಾಪುರದ ಕಡೆಯ ಒಂದು ಬಂಗಲೆಯ ಸಬ್‌ನೊಳಗೆ ಒಳ್ಳೆಮೆಣಸು ಇತ್ತು, ಹೇಗೆ ಬಂತೋ ಆ ಇಲಿಗೇ ಗೊತ್ತು. ಸಬ್ ವೈರಿನ ಎರಡೂ ತುದಿಯ ಪಿನ್ನು ಮಂಕಾಗಿದ್ದರೆ ನಾಲ್ಕಾರು ಸಲ ತಿರುಗಿಸಿ ಎಳೆದು ಹಾಕಿ, ಅಷ್ಟಕ್ಕೇ ಎಷ್ಟೋ ಸಲ ಸರಿಹೋಗುತ್ತದೆ.

ಈಗ ರಿಸೀವರಿನ ಮೆನು. ಸ್ಪೀಕರ್ ಸೈಜ್ ಎಂಬಲ್ಲಿ ನಿಮ್ಮ ಜೋಡಿಗೆ "ಲಾರ್ಜ್" ಎಂದಿದ್ದು, ಸಬ್‌ಗೂ ಅದೇ ಬೇಸ್ ಹೋಗುವಂತೆ ಹೊಂದಿಸಿದ್ದರೆ ಒಂದೇ ಸ್ವರವನ್ನು ಮೂರು ಪೆಟ್ಟಿಗೆಗಳು ಮೂರು ಜಾಗದಿಂದ ನುಡಿಸುತ್ತವೆ. ಒಂದರದನ್ನು ಒಂದು ಅಳಿಸಲು ಇಷ್ಟು ಸಾಕು. ಆಳೆತ್ತರದ ಸ್ಪೀಕರಿಗೆ "ಸ್ಮಾಲ್" ಎಂದು ಕೊಡಲು ಮನಸ್ಸು ಬಾರದು, ಗೊತ್ತು. ಕೊಡಿ. ಕ್ರಾಸ್‌ಓವರ್ 80 ಹರ್ಟ್ಜ್ ಇಡಿ, ಅದರ ಕೆಳಗಿನದೆಲ್ಲ ಸಬ್ ಪಾಲಿಗೆ ಹೋಗಲಿ. ಸಬ್ ಹಿಂದೆಯೂ ಒಂದು ಕ್ರಾಸ್‌ಓವರ್ ನಾಬ್ ಇರುತ್ತದೆ, ಅದನ್ನು ಕಟ್ಟಕಡೆಯ ಅಂಕಿಗೆ ತಿರುಗಿಸಿಬಿಡಿ, ಅಥವಾ ಎಲ್‌ಎಫ್‌ಇ ಎಂದು ಬರೆದ ತೂತಿಗೆ ವೈರ್ ಹಾಕಿ. ಅದು 50ರಲ್ಲೋ 60ರಲ್ಲೋ ನಿಂತಿದ್ದರೆ 60ರಿಂದ 80ರವರೆಗಿನ ಪಾಲು ಇಬ್ಬರಿಗೂ ಸೇರದೆ ಅನಾಥವಾಗುತ್ತದೆ. ಹಾಡು ಕೇಳುವಾಗ "ಪ್ಯೂರ್ ಡೈರೆಕ್ಟ್" ಒತ್ತುವ ಅಭ್ಯಾಸವಿದ್ದರೆ ಬಿಡಿ, ಎಷ್ಟೋ ರಿಸೀವರ್‌ಗಳಲ್ಲಿ ಅದು ಸಬ್ಬನ್ನೇ ಬಾಯಿ ಮುಚ್ಚಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ನಡುಮಧ್ಯದ ಹೊಂಡ ಇದ್ದೇ ಇರುತ್ತದೆ. ಅದಕ್ಕೆ ಮದ್ದು ಸೋಫಾ ಎಳೆಯುವುದು. ಮೂರಡಿ ಹಿಂದಕ್ಕೆ ತನ್ನಿ, ನಿಮ್ಮ ಕಿವಿ ಹಿಂದಿನ ಗೋಡೆಗೆ ಐದಡಿ ದೂರ ಬರಲಿ. ಪೂರ್ತಿ ಗೋಡೆಗೆ ಒರಗಿಸಿದರೆ ಬೇಸ್ ಇನ್ನೂ ಹೆಚ್ಚಾಗುತ್ತದೆ, ಆದರೆ ಅಡುಗೆಮನೆ ಬಾಗಿಲಿನ ಗುಂಯ್ ನಿಮ್ಮ ಪಾಲಿಗೂ ಬರುತ್ತದೆ. ಅಗಲದ 47 ಹರ್ಟ್ಜ್ ವಿಷಯ ಬಿಟ್ಟುಬಿಡಿ. ಸ್ಟೀರಿಯೊ ಕೇಳುವವರು ಎರಡು ಸ್ಪೀಕರ್‌ಗಳ ನಡುವೆಯೇ ಕೂರಬೇಕು, ಉದ್ದದ ಕಡೆ ಗೆದ್ದರೆ ಸಾಕು.

ಸೋಫಾ ಸರಿಸಲು ಮನೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಸಬ್ಬನ್ನು ಸರಿಸಿ. ಇದಕ್ಕೊಂದು ಹಳೆಯ ಉಪಾಯ ಇದೆ, ನೋಡಿದವರು ನಗುತ್ತಾರೆ. ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಸೋಫಾದ ಮೇಲಿಡಿ, ಬೇಸ್ ಹಾಡೊಂದನ್ನು ಸುಮ್ಮನೆ ಮತ್ತೆ ಮತ್ತೆ ಓಡಲು ಬಿಡಿ. ಆಮೇಲೆ ಗೋಡೆಗುಂಟ ಮಂಡಿಯೂರಿ, ಕಿವಿ ಸಬ್ ಇರುವ ಎತ್ತರದಲ್ಲಿಟ್ಟುಕೊಂಡು ಹಾಲ್ ಸುತ್ತಿ ಬನ್ನಿ. ಕೆಲವು ಕಡೆ ಗುಂಯ್, ಕೆಲವು ಕಡೆ ಏನೂ ಇಲ್ಲ, ಒಂದೆರಡು ಕಡೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಸ್ಪಷ್ಟ. ಹಾಗೆ ಕೇಳಿದ ಜಾಗಕ್ಕೆ ಸಬ್ ಒಯ್ದು ಇಡಿ, ಅಲ್ಲಿ ಕೇಳಿದ್ದೇ ಇಲ್ಲಿ ಸೋಫಾದಲ್ಲಿ ಕೇಳುತ್ತದೆ. ಮೂಲೆ ಸಿಕ್ಕರೆ ಸದ್ದು ಏಕಾಏಕಿ ಜೋರಾಗುತ್ತದೆ, ಆದ್ದರಿಂದ ಪೂರ್ತಿ ತಿರುಗಿಸಿರುವ ಆ ವಾಲ್ಯೂಮನ್ನು ಮೊದಲು ಅರ್ಧಕ್ಕೆ ಇಳಿಸಿ. ಜಾಗ ಬದಲಾಯಿತೆಂದರೆ ಫೇಸ್ ಸ್ವಿಚ್ಚನ್ನು ಮತ್ತೊಮ್ಮೆ ನೋಡಬೇಕು.

ರಿಸೀವರ್ ಜೊತೆ ಬಂದ ಸಣ್ಣ ಮೈಕ್ ಹಾಕಿ ಕೋಣೆಯ ಸದ್ದನ್ನು ಅಳೆಯಿಸುವುದು ಈ ಎಲ್ಲದರ ನಂತರ. ಮೈಕನ್ನು ಸೋಫಾ ದಿಂಬಿನ ಮೇಲಿಡದೆ, ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲೋ ಪುಸ್ತಕಗಳ ಮೇಲೋ ನಿಲ್ಲಿಸಿ. ಆ ಅಳತೆ ನೋಡಿ ರಿಸೀವರ್ ಉಬ್ಬನ್ನು ಚೆನ್ನಾಗಿ ತಗ್ಗಿಸುತ್ತದೆ. ಹೊಂಡ ತುಂಬುವುದು ಅದರ ಕೈಲೂ ಆಗದು. ಈಕ್ವಲೈಜರ್‌ನಲ್ಲಿ 35 ಹರ್ಟ್ಜ್ ಏರಿಸಿ ಹೊಂಡ ತುಂಬುತ್ತೇನೆಂದು ಹೊರಟವರ ಸಬ್‌ಗಳು ಸುಟ್ಟ ವಾಸನೆಯೊಂದಿಗೆ ನನ್ನ ಬೆಂಚಿಗೆ ಬರುತ್ತವೆ. 6 ಡೆಸಿಬೆಲ್ ಏರಿಸಿದರೆ ನಾಲ್ಕು ಪಟ್ಟು ವ್ಯಾಟ್, 10ಕ್ಕೆ ಹತ್ತು ಪಟ್ಟು. ನೀವು ತುಂಬಿದಷ್ಟನ್ನೂ ಗೋಡೆ ತಿರುಗಿಸಿ ತಂದು ಅಳಿಸುತ್ತದೆ, ಕಾಯಿಲ್ ಮಾತ್ರ ಕಾಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ, ತೆಳು ಫೋಮ್ ಹಾಳೆ ಅಂಟಿಸುವುದೂ ವ್ಯರ್ಥ. ಅವು ಚಪ್ಪಾಳೆಯ ಮಾರ್ದನಿ ತಗ್ಗಿಸಿಯಾವು, ಎಂಟು ಮೀಟರಿನ ಅಲೆಗೆ ಎರಡಿಂಚಿನ ಫೋಮ್ ಏನು ಲೆಕ್ಕ? ಆಷಾಢ ಕಳೆಯುವಷ್ಟರಲ್ಲಿ ಅದರ ಹಿಂದೆ ಬೂಸಲು ಹಿಡಿದಿರುತ್ತದೆ, ಅಷ್ಟೇ ಲಾಭ.

ಹಣ ಖರ್ಚು ಮಾಡಲೇಬೇಕು ಎಂದಿದ್ದರೆ 12 ಇಂಚಿನದಕ್ಕಿಂತ ಈಗಿರುವಂಥದ್ದೇ ಇನ್ನೊಂದು 10 ಇಂಚಿನ ಸಬ್ ತನ್ನಿ. ಎದುರುಬದುರು ಗೋಡೆಗಳ ನಡುವೆ ಒಂದೊಂದು ಇಟ್ಟರೆ ಇಬ್ಬರೂ ಎರಡು ತುದಿಯಿಂದ ಒಟ್ಟಿಗೆ ತಳ್ಳುತ್ತಾರೆ, ತೊಟ್ಟಿ ಓಲಾಡುವುದೇ ನಿಲ್ಲುತ್ತದೆ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ ಎಂಬ ಸಂಶೋಧಕರು 2002ರಲ್ಲಿ ಬೇರೆ ಬೇರೆ ಸಂಖ್ಯೆಯ ಸಬ್‌ಗಳನ್ನು ಬೇರೆ ಬೇರೆ ಜಾಗಕ್ಕಿಟ್ಟು ಹೋಲಿಸಿ ಇದನ್ನು ತೋರಿಸಿದ್ದಾರೆ. ಸೋಫಾಕ್ಕೂ ಅಡುಗೆಮನೆ ಬಾಗಿಲಿಗೂ ಇರುವ ಅಂತರ ಆಗ ತುಂಬ ಕಡಿಮೆಯಾಗುತ್ತದೆ. ಕೊಳ್ಳುವಾಗ ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವ್ಯಾಟಿನ ಸಾವಿರಗಳನ್ನು ಓದಲೇಬೇಡಿ, ಆರ್‌ಎಂಎಸ್ (ಸತತವಾಗಿ ಕೊಡುವ ವ್ಯಾಟ್) ಎಷ್ಟು ಎಂದು ಮಾತ್ರ ಕೇಳಿ.

ಕರೆಂಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಲೈನಿನ ತುದಿಯಲ್ಲಿರುವ ತೋಟದ ಮನೆ ಎಂದ ಮೇಲೆ ಹೇಳಬೇಕು. ಮಳೆಗಾಲದ ಸಂಜೆ ವೋಲ್ಟೇಜ್ 170ಕ್ಕೆ ಇಳಿದರೆ, ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಇರುವ ಸಬ್‌ನ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತದೆ. ಮೊದಲು ದಣಿಯುವುದು ಬೇಸೇ. ಮಧ್ಯಾಹ್ನ ಚೆನ್ನಾಗಿದ್ದು ಸಂಜೆ ಏಳರ ಮೇಲೆ ಸೊರಗಿದರೆ ಮೀಟರ್ ಹಿಡಿದು ನೋಡಿ, ಒಂದು ಸ್ಟೆಬಿಲೈಜರ್ ಹಾಕಿಸಿ. ಹೂಮಳೆಯ ಕಾಲದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ನಿಮಗಿದ್ದೇ ಇರುತ್ತದೆ. ಡಿಶ್ಶಿನಿಂದ ಬರುವ ಕೇಬಲನ್ನೂ ಕೀಳಿ, ಸಿಡಿಲು ಅದರಲ್ಲೂ ಒಳಗೆ ಬರುತ್ತದೆ.

ಪರೀಕ್ಷೆಗೆ ಯಾವ ಹಾಡು ಹಾಕುತ್ತೀರಿ ಎಂಬುದೂ ಮುಖ್ಯ. ನಮ್ಮ ಕಡೆ ಬಹಳ ಜನ ಹುತ್ತರಿಯ ದುಡಿಕೊಟ್ಟು ಹಾಡು ಹಾಕಿ "ಸಬ್ ನುಡಿಯುತ್ತಿಲ್ಲ" ಎನ್ನುತ್ತಾರೆ. ದುಡಿ ಒಂದು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ವಾದ್ಯ, ಅದರ ಪೆಟ್ಟು ಸಬ್‌ನ ಪಾಲಿಗೆ ಬರುವಷ್ಟು ಕೆಳಗಿಳಿಯುವುದೇ ಇಲ್ಲ. ಹಳೆಯ ಸಿನಿಮಾ ಹಾಡುಗಳಲ್ಲೂ ತೀರ ಕೆಳಗಿನ ಸ್ವರ ಹೆಚ್ಚು ಸಿಗದು. ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಂಡು, ಸಣ್ಣ ವಾಲ್ಯೂಮಿನಲ್ಲಿ 30ರಿಂದ 100 ಹರ್ಟ್ಜ್‌ವರೆಗೆ ಐದೈದೇ ಏರಿಸುತ್ತಾ ಹೋಗಿ. ಒಂದೊಂದು ಅಂಕಿಯಲ್ಲಿ ಕೆಲವು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಡಿ. ಮನೆಯವರೆಲ್ಲ ಮಲಗಿದ ಮೇಲೆ ಸಣ್ಣದಾಗಿ ಕೇಳುವ ಅಭ್ಯಾಸವಿದ್ದರೆ, ಕಡಿಮೆ ಸದ್ದಿನಲ್ಲಿ ಕಿವಿಗೇ ಬೇಸ್ ಮೊದಲು ಕೈಕೊಡುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಬರೆದಿದ್ದಾರೆ. ಲೌಡ್‌ನೆಸ್ ಬಟನ್ ಇರುವುದು ಆ ಹೊತ್ತಿಗೆ.

ಈ ಭಾನುವಾರ ಸೋಫಾ ಮೂರಡಿ ಎಳೆದು, ವೈರ್ ಮತ್ತು ಫೇಸ್ ನೋಡಿ, ಮೆನು ಸರಿಮಾಡಿ. ಆಮೇಲೂ ಟೊಳ್ಳು ಅನಿಸಿದರೆ ಸೋಫಾದಲ್ಲಿ ಕೂತು ಯಾವ ಅಂಕಿಯ ಟೋನ್ ಕೇಳಲಿಲ್ಲ, ಅದೇ ಟೋನ್ ಅಡುಗೆಮನೆ ಬಾಗಿಲಲ್ಲಿ ಹೇಗೆ ಕೇಳಿತು ಎಂದು ಬರೆದು ಕಳಿಸಿ. ಬಾಗಿಲಲ್ಲಿ ನಿಂತು ಹೇಳುವ ಕೆಲಸ ನಿಮ್ಮ ಮನೆಯವರಿಗೇ ಇರಲಿ, ಅವರ ಕಿವಿ ಚೆನ್ನಾಗಿದೆ.